ಅಜ್ಜಿಯ ಮುಖ ಬೂದಿ ಬಳಿದ ಹಾಗೆ ಯಾಕೆ ಕಾಣುತ್ತಿದೆ? ಎಣ್ಣೆಬಣ್ಣದಲ್ಲಿ ನಮ್ಮ ಮೈಬಣ್ಣ ಕಲಸುವುದು ಹೇಗೆ

ಪ್ರಶ್ನೆ: ಸರ್, ನಾನು ಗದಗ ಹತ್ತಿರದ ಊರಿನವಳು, ಶಾಲೆಯಲ್ಲಿ ಕಲಿಸುತ್ತೇನೆ. ಆಯಿಲ್ ಪೇಂಟಿಂಗ್ ಶುರು ಮಾಡಿ ಎರಡು ವರ್ಷ ಆಯಿತು. ಹೋದ ವರ್ಷ ತೀರಿಕೊಂಡ ನಮ್ಮ ಅಜ್ಜಿಯ ಚಿತ್ರ ಬಿಡಿಸುತ್ತಿದ್ದೇನೆ, ವರ್ಷದ ತಿಥಿಗೆ ಮನೆಯಲ್ಲಿ ಇಡಬೇಕು. ಇನ್ನು ಎರಡೂವರೆ ತಿಂಗಳಿದೆ. ಅಜ್ಜಿಯದು ಎಣ್ಣೆಗಪ್ಪು ಬಣ್ಣ, ದಿನಾ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದರು. ಜಗಲಿ ಮೇಲೆ ಬೆಳಗಿನ ಹೊತ್ತು ಮೊಬೈಲಿನಲ್ಲಿ ತೆಗೆದ ಫೋಟೋ ಇದೆ, ಚೆನ್ನಾಗಿದೆ. ಬಿಳಿ ಕ್ಯಾನ್ವಾಸಿನ ಮೇಲೆ ಫ್ಲೆಶ್ ಟಿಂಟ್‌ಗೆ ಬರ್ನ್ಟ್ ಅಂಬರ್ ಸೇರಿಸಿ ಶುರು ಮಾಡಿದೆ. ಜಾಸ್ತಿ ಕಪ್ಪಾಯಿತು ಅಂತ ಬಿಳಿ ಹಾಕಿದೆ, ಬೂದಿ ಬಳಿದ ಹಾಗಾಯಿತು. ಕೆಂಪು ಹಾಕಿದೆ, ಇಟ್ಟಿಗೆ ಥರ ಆಯಿತು. ನೆರಳಿಗೆ ಕಪ್ಪು ಹಾಕಿದ್ದು ಮಸಿ ಮೆತ್ತಿದಂತಿದೆ. ಮೂರು ಸಲ ಮೇಲೆ ಮೇಲೆ ಬಳಿದಿದ್ದೇನೆ. ಕೆಲಸ ಎಲ್ಲಾ ರಾತ್ರಿಯೇ, ಬಲ್ಬ್ ಬೆಳಕಿನಲ್ಲಿ. ಅಂಗಡಿಯವರು ಸ್ಕಿನ್ ಟೋನ್ ಸೆಟ್ ತಗೊಳ್ಳಿ ಅಂತಾರೆ. ಇನ್ನೊಬ್ಬರು ಕಪ್ಪು ಟ್ಯೂಬ್ ಮುಟ್ಟಲೇಬಾರದು ಅಂತಾರೆ. ನಮ್ಮ ಮಾವ ಅಜ್ಜಿಯನ್ನು ಸ್ವಲ್ಪ ಬೆಳ್ಳಗೆ ಮಾಡು ಅಂತಾರೆ. ಯಾವ ಬಣ್ಣ ಕೊಳ್ಳಲಿ, ಎಷ್ಟೆಷ್ಟು ಬೆರೆಸಲಿ, ಈ ಕ್ಯಾನ್ವಾಸ್ ಉಳಿಸಬಹುದಾ?

ಉತ್ತರ:

ನಿಮ್ಮ ಕಣ್ಣು ಸರಿಯಾಗಿದೆ. ಇದನ್ನೇ ಮೊದಲು ಹೇಳಬೇಕು ಅನ್ನಿಸಿತು. ಬೂದಿ ಬಳಿದ ಹಾಗೆ, ಇಟ್ಟಿಗೆ ಥರ, ಮಸಿ ಮೆತ್ತಿದಂತೆ ಅಂತ ಮೂರು ತಪ್ಪನ್ನು ಮೂರು ಬೇರೆ ಬೇರೆ ಮಾತಿನಲ್ಲಿ ಹೇಳಿದ್ದೀರಿ. ಹತ್ತಾರು ವರ್ಷ ಭಾವಚಿತ್ರ ಬಿಡಿಸಿದ, ಕಲಿಸಿದ ಅನುಭವದಲ್ಲಿ ಹೇಳುತ್ತೇನೆ, ಹೆಚ್ಚಿನವರು 'ಏನೋ ಸರಿಯಿಲ್ಲ' ಅನ್ನುವಲ್ಲಿಗೆ ನಿಲ್ಲಿಸುತ್ತಾರೆ. ತಪ್ಪು ಯಾವುದು ಅಂತ ಕಂಡಿದ್ದರೆ ಅರ್ಧ ಕೆಲಸ ಆದ ಹಾಗೆ. ನೀವು ಬಣ್ಣ ಹುಡುಕುತ್ತಿದ್ದೀರಿ, ಆದರೆ ತೊಂದರೆ ಇರುವುದು ಟ್ಯೂಬಿನಲ್ಲಿ ಮಾತ್ರ ಅಲ್ಲ. ಬಿಳಿ ಕ್ಯಾನ್ವಾಸಿನಲ್ಲಿದೆ, ರಾತ್ರಿಯ ಬಲ್ಬಿನಲ್ಲಿದೆ, ಎಲ್ಲಕ್ಕಿಂತ ಜಾಸ್ತಿ ಬಿಳಿ ಟ್ಯೂಬಿನಲ್ಲಿದೆ.

ಫ್ಲೆಶ್ ಟಿಂಟ್ ಬಗ್ಗೆ ಮೊದಲು. ಆ ಹೆಸರಿನ ಅರ್ಥ 'ಮೈಬಣ್ಣ' ಅಂತ. ಆದರೆ ಯಾರ ಮೈ? ಈ ಹೆಸರು ಬಂದಿದ್ದು ಯುರೋಪಿನವರ ಚರ್ಮ ನೋಡಿ. ಅಮೆರಿಕದ ಕ್ರೆಯೋಲಾ ಕಂಪನಿ ತನ್ನ 'ಫ್ಲೆಶ್' ಅನ್ನುವ ಬಳಪದ ಹೆಸರನ್ನು 1962ರಲ್ಲೇ 'ಪೀಚ್' ಅಂತ ಬದಲಾಯಿಸಿತು. ಎಣ್ಣೆಬಣ್ಣದ ಟ್ಯೂಬುಗಳಲ್ಲಿ ಹಳೆಯ ಹೆಸರು ಇನ್ನೂ ಕಾಣುತ್ತದೆ. ಒಳಗೆ ಇರುವುದು ಬಹುಪಾಲು ಬಿಳಿ, ಜೊತೆಗೆ ಸ್ವಲ್ಪ ಹಳದಿ, ಸ್ವಲ್ಪ ಕೆಂಪು, ಅಷ್ಟೇ. ಅದಕ್ಕೆ ಅಂಬರ್ ಸೇರಿಸಿದಾಗ ನೀವು ಕಲಸಿದ್ದು ಮೈಬಣ್ಣ ಅಲ್ಲ, ಬಿಳಿಗೆ ಅಂಬರ್. ಆಮೇಲೆ ಅದಕ್ಕೆ ಮತ್ತೆ ಬಿಳಿ ಹಾಕಿದ್ದೀರಿ. ಹಾಗಂತ ಆ ಟ್ಯೂಬ್ ಎಸೆಯಬೇಡಿ. ತುಸು ಬಣ್ಣ ಸೇರಿಸಿದ ಬಿಳಿ ಅಂದುಕೊಂಡು ಇಟ್ಟುಕೊಳ್ಳಿ, ತಿಳಿ ಭಾಗಗಳಲ್ಲಿ ಬಿಳಿಯ ಬದಲು ಅದನ್ನು ಚೂರು ಚೂರು ಬಳಸಬಹುದು. ಅಂಗಡಿಯವರು ಹೇಳಿದ ಸೆಟ್ ಮಾತ್ರ ಕೊಳ್ಳಬೇಡಿ. ಎಂಟು ಹತ್ತು ಸಿದ್ಧ ಬಣ್ಣ ಇರುತ್ತವೆ, ಅವುಗಳಲ್ಲಿ ನಿಮ್ಮ ಅಜ್ಜಿಯ ಬಣ್ಣ ಇರುವುದಿಲ್ಲ, ಇದ್ದರೂ ಅದು ಒಂದೇ ಒಂದು ಜಾಗಕ್ಕೆ ಒಂದೇ ಒಂದು ಬೆಳಕಿನಲ್ಲಿ ಹೊಂದುತ್ತದೆ.

ಇನ್ನು ಬೂದಿಯ ವಿಷಯ. ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ ಅನ್ನು ಗಾಜಿನ ಲೋಟಕ್ಕೆ ಹಾಕಿ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ದೀರಾ? ಅಂಚಿನಲ್ಲಿ ಮಾಣಿಕ್ಯದಂಥ ಕೆಂಪು ಕಾಣುತ್ತದೆ. ಎರಡು ಚಮಚ ಹಾಲು ಹಾಕಿದರೆ ಆ ಕೆಂಪು ಹೋಯಿತು. ಬಣ್ಣ ತಿಳಿಯಾಯಿತು ನಿಜ, ಆದರೆ ಒಳಗಿನ ಹೊಳಪೂ ಹೋಯಿತು. ಟೈಟಾನಿಯಂ ವೈಟ್ ಮಾಡುವುದು ಇದನ್ನೇ, ಇನ್ನೂ ಜೋರಾಗಿ. ಅದು ತುಂಬಾ ಬಲವಾದ ಬಿಳಿ. ಬಣ್ಣವನ್ನು ತಿಳಿಗೊಳಿಸುತ್ತದೆ, ಅದರ ಜೊತೆಗೇ ಬಣ್ಣದ ತೀವ್ರತೆ ಇಳಿಸುತ್ತದೆ, ತಣ್ಣಗೂ ಮಾಡುತ್ತದೆ. (ತಣ್ಣಗೆ ಅಂದರೆ ನೀಲಿ, ಬೂದು ಕಡೆಗೆ ವಾಲುವುದು, ಬಿಸಿ ಅಂದರೆ ಹಳದಿ, ಕೆಂಪು ಕಡೆಗೆ ವಾಲುವುದು. ನಮ್ಮ ಕೆಲಸದಲ್ಲಿ ಹೀಗೇ ಹೇಳುತ್ತೇವೆ.) ಬರ್ನ್ಟ್ ಅಂಬರ್ ಮೊದಲೇ ಮಂಕು ಕಂದು, ಅದಕ್ಕೆ ಬಿಳಿ ಸೇರಿದರೆ ಒಣಗಿದ ಮಣ್ಣಿನ ಬಣ್ಣ. ಒಂದು ಕಾಗದದ ಮೇಲೆ ನೀವೇ ಮಾಡಿ ನೋಡಿ. ಒಂದು ಕಡೆ ಬರ್ನ್ಟ್ ಅಂಬರ್ ಮತ್ತು ಬಿಳಿ. ಪಕ್ಕದಲ್ಲಿ ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಜೊತೆಗೆ ಕಡಲೆಕಾಳಿನಷ್ಟು ಬಿಳಿ. ಎರಡೂ ಒಂದೇ ಮಟ್ಟದ ಕಪ್ಪು ಬರುವ ಹಾಗೆ ಹೊಂದಿಸಿ. ಒಂದು ಗೋಡೆಯ ಹಾಗೆ ಕಾಣುತ್ತದೆ, ಇನ್ನೊಂದು ಚರ್ಮದ ಹಾಗೆ ಕಾಣುತ್ತದೆ.

ಯಾಕೆ ಹಾಗೆ? ಮನುಷ್ಯರ ಚರ್ಮ ಎಲ್ಲಾ ಮೂಲದಲ್ಲಿ ಕಿತ್ತಳೆ. ಕೇಳಲು ವಿಚಿತ್ರ ಅನ್ನಿಸಬಹುದು. ಸ್ವೀಡನ್ನಿನವರದ್ದು ತುಂಬಾ ತಿಳಿಯಾದ, ಮಂಕು ಕಿತ್ತಳೆ. ನಮ್ಮದು ಕಡು ಕಿತ್ತಳೆ. ಕಡು ಕಿತ್ತಳೆಗೆ ನಾವು ಇಟ್ಟುಕೊಂಡ ಹೆಸರೇ ಕಂದು. ಚರ್ಮದ ಮೇಲ್ಪದರದಲ್ಲಿ ಮೆಲನಿನ್ ಅನ್ನುವ ಕಂದು ಬಣ್ಣದ ಪದಾರ್ಥ ಇರುತ್ತದೆ, ಅದರ ಕೆಳಗೆ ರಕ್ತ ಹರಿಯುತ್ತದೆ. ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆ ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಹೆಚ್ಚು ಕಡಿಮೆ ಒಂದೇ, ತಯಾರಾಗುವ ಮೆಲನಿನ್ನಿನ ಪ್ರಮಾಣ ಮತ್ತು ಅದು ಹರಡಿಕೊಳ್ಳುವ ರೀತಿ ಬೇರೆ. ಅಂದರೆ ಕಪ್ಪು ಚರ್ಮ ಅಂದರೆ ಬಿಳಿ ಚರ್ಮಕ್ಕೆ ಕಪ್ಪು ಬಳಿದದ್ದಲ್ಲ. ಬೆಳಕು ಒಳಗೆ ಹೋಗಿ, ಮೆಲನಿನ್ ದಾಟಿ, ರಕ್ತ ಮುಟ್ಟಿ ಹೊರಗೆ ಬರುತ್ತದೆ. ಹಾಗಾಗಿಯೇ ಅಜ್ಜಿಯ ಕಿವಿಯ ಅಂಚು, ಮೂಗಿನ ಹೊಳ್ಳೆ, ಕಣ್ಣಿನ ಒಳಮೂಲೆ ಇವೆಲ್ಲ ನೆರಳಿನಲ್ಲೂ ಕೆಂಪಗಿರುತ್ತವೆ. ಫೋಟೋ ದೊಡ್ಡದು ಮಾಡಿ ನೋಡಿ.

ಬಿಳಿ ಕ್ಯಾನ್ವಾಸಿಗೆ ಬರೋಣ. ನೀವು ಮೊದಲು ಹಾಕಿದ ಬಣ್ಣ 'ಜಾಸ್ತಿ ಕಪ್ಪಾಯಿತು' ಅಂದಿರಿ. ನನ್ನ ಅಂದಾಜು, ಅದು ಕಪ್ಪಾಗಿರಲಿಲ್ಲ. ಸುತ್ತಲೂ ಬೆಳ್ಳಗಿನ ಬಟ್ಟೆ ಇದ್ದಾಗ ಯಾವ ಕಂದು ಬಣ್ಣ ಇಟ್ಟರೂ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ಕಣ್ಣು ಹೋಲಿಕೆ ಮಾಡಿಯೇ ನೋಡುವುದು. ಹೆದರಿ ಬಿಳಿ ಸೇರಿಸುತ್ತೇವೆ. ಆಮೇಲೆ ಹಿನ್ನೆಲೆ, ಸೀರೆ, ಕೂದಲು ತುಂಬಿದ ಮೇಲೆ ನೋಡಿದರೆ ಮುಖ ಪೌಡರ್ ಹಚ್ಚಿದ ಹಾಗಿರುತ್ತದೆ. ಈ ತಪ್ಪು ಬಿಳಿ ಚರ್ಮ ಬಿಡಿಸುವವರಿಗೆ ಅಷ್ಟು ಕಾಡುವುದಿಲ್ಲ, ನಮ್ಮಂಥ ಬಣ್ಣ ಬಿಡಿಸುವವರನ್ನು ಪ್ರತಿ ಸಲ ಕಾಡುತ್ತದೆ. ಪರಿಹಾರ ಸುಲಭ. ಬರ್ನ್ಟ್ ಸಿಯೆನ್ನಾ ಮತ್ತು ಚೂರು ಅಲ್ಟ್ರಾಮರೀನ್ ನೀಲಿಯನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಬಳಿದು ಹಳೆ ಬಟ್ಟೆಯಲ್ಲಿ ಒರೆಸಿಬಿಡಿ. ಹಗುರವಾದ ಕಂದು ನೆಲ ಸಿಗುತ್ತದೆ. ಒಂದೆರಡು ದಿನದಲ್ಲಿ ಒಣಗುತ್ತದೆ. ಈಗ ಅದರ ಮೇಲೆ ಕಪ್ಪು ಕಪ್ಪಾಗಿಯೇ, ಬೆಳಕು ಬೆಳಕಾಗಿಯೇ ಕಾಣುತ್ತದೆ. ಬಣ್ಣ ಕಲಸುವ ಹಲಗೆ, ಅಂದರೆ ಪ್ಯಾಲೆಟ್, ಬೆಳ್ಳಗಿದ್ದರೂ ಇದೇ ಮೋಸ ಆಗುತ್ತದೆ. ಒಂದು ಗಾಜಿನ ಹಲಗೆ ತಗೊಂಡು ಕೆಳಗೆ ಅದೇ ಕಂದು ಬಣ್ಣದ ಕಾಗದ ಇಟ್ಟುಕೊಳ್ಳಿ.

ಬಲ್ಬಿನ ವಿಷಯವೂ ಅಷ್ಟೇ ದೊಡ್ಡದು. ಹಳದಿ ಬೆಳಕಿನ ಬಲ್ಬಿನ ಕೆಳಗೆ ತಿಳಿ ಹಳದಿಗೂ ಬಿಳಿಗೂ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ಎಲ್ಲವೂ ಬೆಚ್ಚಗೆ ಕಾಣುವುದರಿಂದ ಕೈ ತಾನಾಗಿ ತಣ್ಣನೆ ಬಣ್ಣದ ಕಡೆ ಹೋಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮುಖ ನೀಲಿಗಟ್ಟಿರುತ್ತದೆ. ಶಾಲೆಯ ಕೆಲಸ ಮುಗಿಸಿ ಬಂದು ಬಿಡಿಸುವವರಿಗೆ ಹಗಲಲ್ಲೇ ಬಿಡಿಸಿ ಅನ್ನುವುದು ಸುಲಭ ಅಲ್ಲ, ಗೊತ್ತು. ಹಾಗಾಗಿ ಕೆಲಸ ಹಂಚಿಕೊಳ್ಳಿ. ರೇಖೆ, ನೆರಳು ಬೆಳಕಿನ ಮೊದಲ ಪದರ, ಸೀರೆ, ಹಿನ್ನೆಲೆ ರಾತ್ರಿ ಆಗಲಿ. ಮುಖದ ಬಣ್ಣ ಕಲಸುವುದು ಮಾತ್ರ ಭಾನುವಾರ ಬೆಳಿಗ್ಗೆ, ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ. ಬಿಳಿ ಎಲ್‌ಇಡಿ ಕೊಳ್ಳುವುದಾದರೆ ಡಬ್ಬಿ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ) 90 ಅಥವಾ ಅದಕ್ಕಿಂತ ಜಾಸ್ತಿ ಅಂತ ಇರುವುದನ್ನು ನೋಡಿ ತಗೊಳ್ಳಿ. ಬಣ್ಣಗಳು ಹಗಲಿನಲ್ಲಿ ಕಾಣುವುದಕ್ಕೆ ಹತ್ತಿರವಾಗಿ ಕಾಣುತ್ತವೆ.

ಕೊಳ್ಳಬೇಕಾದ ಟ್ಯೂಬು ಆರೇ ಆರು: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಒಂದು ಬೆಚ್ಚಗಿನ ಕೆಂಪು, ಒಂದು ಗುಲಾಬಿಗೆಂಪು, ಅಲ್ಟ್ರಾಮರೀನ್ ನೀಲಿ. ನಿಮ್ಮ ಹತ್ತಿರ ಇರುವ ಅಂಬರ್ ಮತ್ತು ಕಪ್ಪು ಹೇಗೂ ಇವೆ. ಇದರಲ್ಲಿ ಓಕರ್, ಸಿಯೆನ್ನಾ ಮಣ್ಣಿನ ಬಣ್ಣಗಳು, ಅಗ್ಗ, ನೂರಾರು ವರ್ಷ ಬಾಳುತ್ತವೆ. ಅವುಗಳಲ್ಲಿ ಬಣ್ಣ ಕೊಡುವುದು ಕಬ್ಬಿಣದ ತುಕ್ಕಿನಂಥ ಪದಾರ್ಥ. ಹಳದಿ ಮಣ್ಣನ್ನು ಸುಟ್ಟರೆ ಅದರೊಳಗಿನ ನೀರಿನಂಶ ಹೋಗಿ ಕೆಂಪಾಗುತ್ತದೆ, ಇಟ್ಟಿಗೆ ಗೂಡಿನಲ್ಲಿ ನಡೆಯುವುದೂ ಇದೇ, 'ಬರ್ನ್ಟ್' ಅನ್ನುವ ಹೆಸರು ಬಂದಿದ್ದೂ ಹೀಗೇ. ಮನೆ ಗೋಡೆಗೆ ಕೆಮ್ಮಣ್ಣು ಸಾರಿಸಿದವರಿಗೆ ಈ ಬಣ್ಣ ಹೊಸದಲ್ಲ.

ಕೆಂಪಿನಲ್ಲಿ ಎಚ್ಚರ ಬೇಕು. ಬೆಚ್ಚಗಿನ ಕೆಂಪು ಅಂದರೆ ಕ್ಯಾಡ್ಮಿಯಂ ರೆಡ್, ಆದರೆ ಅದು ದುಬಾರಿ. ಟ್ಯೂಬಿನ ಮೇಲೆ 'ಹ್ಯೂ' ಅಂತ ಇದ್ದರೆ ಅದು ಕ್ಯಾಡ್ಮಿಯಂ ಅಲ್ಲ, ಅದರಂತೆ ಕಾಣುವ ಬೇರೆ ಬಣ್ಣ. ನಿಮಗೆ ಅದೂ ಸಾಕು, ಮುಖಕ್ಕೆ ಬೇಕಾಗುವುದು ಚೂರೇ ಚೂರು. ಗುಲಾಬಿಗೆಂಪಿಗೆ ಹಳೆ ಅಲಿಜರಿನ್ ಕ್ರಿಮ್ಸನ್ ಮಾತ್ರ ತಗೊಳ್ಳಬೇಡಿ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಪಿಆರ್ 83 ಅಂತ ಇರುತ್ತದೆ, ಒಳಗಿರುವ ಬಣ್ಣದ ಪುಡಿ ಯಾವುದು ಅಂತ ಹೇಳುವ ಸಂಕೇತ ಅದು. ಇದು ಬೆಳಕಿಗೆ ಮಾಸುತ್ತದೆ, ಬಿಳಿ ಜೊತೆ ಬೆರೆಸಿದರಂತೂ ಬೇಗ. ನಾನು ಕಲಿಯುವ ಕಾಲದಲ್ಲಿ ಒಂದು ಮನೆಗೆ ಮದುಮಗಳ ಚಿತ್ರ ಬಿಡಿಸಿಕೊಟ್ಟಿದ್ದೆ, ತುಟಿ ಕೆನ್ನೆಗೆಲ್ಲ ಅದೇ ಬಣ್ಣ. ಅವರು ಕಿಟಕಿಗೆ ಎದುರು ನೇತುಹಾಕಿದ್ದರು. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ಕೆಂಪು ಮಾಸಿ ಹುಡುಗಿ ಕಾಯಿಲೆ ಬಿದ್ದವಳ ಹಾಗೆ ಹಸಿರುಗಟ್ಟಿದ್ದಳು. ಆ ಮನೆಯವರು ಏನೂ ಅನ್ನಲಿಲ್ಲ, ನನಗೇ ತಡೆಯಲಾಗದೆ ಚಿತ್ರ ವಾಪಸ್ ತಂದು ಸರಿ ಮಾಡಿಕೊಟ್ಟೆ. ಅಂದಿನಿಂದ ಟ್ಯೂಬಿನ ಹಿಂದಿನ ಅಕ್ಷರ ಓದದೆ ಕೊಂಡಿಲ್ಲ. ಕ್ವಿನಾಕ್ರಿಡೋನ್ ರೋಸ್ ಅಥವಾ 'ಪರ್ಮನೆಂಟ್ ರೋಸ್' ಅಂತ ಕೇಳಿ, ಅವು ನಿಲ್ಲುತ್ತವೆ. ಬಿಳಿ ಟ್ಯೂಬಿನಲ್ಲಿ ಪಿಡಬ್ಲ್ಯೂ 6 ಅಂತಿದ್ದರೆ ಟೈಟಾನಿಯಂ. ಪಿಡಬ್ಲ್ಯೂ 4 ಅಂತಿದ್ದರೆ ಜಿಂಕ್, ಅದು ಎಣ್ಣೆಯಲ್ಲಿ ಕಾಲ ಕಳೆದ ಹಾಗೆ ಪೆಡಸಾಗಿ ಬಿರುಕು ಬಿಡುವ ಅಪಾಯ ಇದೆ. ಪಿಡಬ್ಲ್ಯೂ 1 ಸೀಸದ ಬಿಳಿ, ಹಳೆಯ ಚಿತ್ರಕಾರರೆಲ್ಲ ಮೆಚ್ಚಿದ್ದು, ಬೆಚ್ಚಗಿನ ಬಿಳಿ, ಆದರೆ ವಿಷ. ಮನೆಯಲ್ಲಿ ಮಕ್ಕಳಿದ್ದರೆ ಅದರ ಸುದ್ದಿಗೇ ಹೋಗಬೇಡಿ.

ಎಷ್ಟೆಷ್ಟು ಬೆರೆಸಬೇಕು ಅಂತ ಕೇಳಿದ್ದೀರಿ. ಎರಡು ಪಾಲು ಇದು, ಒಂದು ಪಾಲು ಅದು ಅಂತ ನಾನು ಬೇಕೆಂದೇ ಹೇಳುವುದಿಲ್ಲ. ಒಂದು ಕಂಪನಿಯ ಸಿಯೆನ್ನಾ ಇನ್ನೊಂದರ ಎರಡು ಪಟ್ಟು ಗಾಢ ಇರುತ್ತದೆ, ಕಲಿಯುವವರಿಗೆಂದು ಮಾರುವ ಅಗ್ಗದ ಸ್ಟೂಡೆಂಟ್ ಟ್ಯೂಬಿನಲ್ಲಿ ಬಣ್ಣಕ್ಕಿಂತ ತುಂಬುಪುಡಿಯೇ ಜಾಸ್ತಿ ಇರಬಹುದು. ಯಾರದೋ ಅಳತೆ ನಿಮ್ಮ ಪ್ಯಾಲೆಟ್ಟಿನಲ್ಲಿ ಹೊಂದುವುದಿಲ್ಲ. ಅದರ ಬದಲು ನಾನು ಮಾಡುವ ಕ್ರಮ ಹೇಳುತ್ತೇನೆ.

ಮೊದಲು ನಡುವಿನ ಬಣ್ಣ. ಅಜ್ಜಿಯ ಮುಖದಲ್ಲಿ ಹೊಳಪೂ ಇಲ್ಲದ, ನೆರಳೂ ಇಲ್ಲದ ಜಾಗ, ಕೆನ್ನೆಯ ಪಕ್ಕ ಸಿಗುತ್ತದೆ. ಬರ್ನ್ಟ್ ಸಿಯೆನ್ನಾ ಒಂದು ಗುಡ್ಡೆ, ಅದಕ್ಕೆ ಓಕರ್ ಸೇರಿಸುತ್ತಾ ಹೋಗಿ. ಕಿತ್ತಳೆ ಜಾಸ್ತಿ ಕಣ್ಣಿಗೆ ಹೊಡೆದರೆ ಅಲ್ಟ್ರಾಮರೀನ್ ಸಾಸಿವೆಯಷ್ಟು. ನೀಲಿ, ಕಿತ್ತಳೆಗೆ ಎದುರು ಬಣ್ಣ, ಅದು ಉರಿಯನ್ನು ತಗ್ಗಿಸಿ ಕಡುವಾಗಿಸುತ್ತದೆ. ಇಲ್ಲಿವರೆಗೂ ಬಿಳಿ ಮುಟ್ಟಿಲ್ಲ, ಗಮನಿಸಿ. ಇದನ್ನು ಬಣ್ಣ ಕಲಸುವ ನೈಫಿನ ತುದಿಗೆ ತಗೊಂಡು ಫೋಟೋದ ಪಕ್ಕ ಹಿಡಿಯಿರಿ. ಮೊಬೈಲ್ ಪರದೆ ತಾನೇ ಬೆಳಕು ಬೀರುವುದರಿಂದ ಪಕ್ಕದಲ್ಲಿ ಹಿಡಿದ ಬಣ್ಣ ಯಾವಾಗಲೂ ಮಂಕು ಕಾಣುತ್ತದೆ, ಹಾಗಾಗಿ ಒಳ್ಳೆ ಕಾಗದದ ಮೇಲೆ ಪ್ರಿಂಟ್ ಹಾಕಿಸಿಕೊಳ್ಳಿ. ಇನ್ನೊಂದು ವಿಷಯ, ಮೊಬೈಲುಗಳು ಮುಖ ಕಂಡ ಕೂಡಲೇ ತಾವೇ ಬೆಳ್ಳಗೆ, ನುಣ್ಣಗೆ ಮಾಡುವುದುಂಟು. ಮನೆಯಲ್ಲಿ ಅಜ್ಜಿಯ ಬಣ್ಣ ಬಂದವರು ಯಾರಾದರೂ ಇದ್ದರೆ ಅದೇ ಜಗಲಿ ಮೇಲೆ, ಅದೇ ಹೊತ್ತಿಗೆ ಕೂರಿಸಿ ಅವರ ಕೆನ್ನೆ ಪಕ್ಕ ನೈಫ್ ಹಿಡಿದು ನೋಡಿ. ಇದರಷ್ಟು ನಿಖರ ದಾರಿ ಇನ್ನೊಂದಿಲ್ಲ. ಬಹುಶಃ ನಿಮ್ಮ ಅಮ್ಮ, ಅಥವಾ ಆ ಮಾವನೇ!

ಆಮೇಲೆ ನೆರಳು. ನಡುವಿನ ಬಣ್ಣದ ಒಂದು ಪಾಲನ್ನು ಬೇರೆ ತೆಗೆದು ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಸೇರಿಸಿ, ಗುಲಾಬಿಗೆಂಪಿನ ಒಂದು ಗೆರೆ. ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಎರಡೇ ಸೇರಿದರೂ ಹೆಚ್ಚು ಕಡಿಮೆ ಕಪ್ಪೇ ಬರುತ್ತದೆ, ಬೇಕಾದರೆ ಬಿಸಿಗೆ, ಬೇಕಾದರೆ ತಂಪಿಗೆ ವಾಲಿಸಬಹುದು. ನೆರಳನ್ನು ತೆಳ್ಳಗೆ ಹಚ್ಚಿ, ಕೆಳಗಿನ ಕಂದು ನೆಲ ಸ್ವಲ್ಪ ಕಾಣಲಿ. ನೆರಳಿಗೆ ಬಿಳಿ ಬೇಡವೇ ಬೇಡ. ಡಿಕಾಕ್ಷನ್ನಿನ ಆ ಕೆಂಪು ಉಳಿಯುವುದು ಇಲ್ಲೇ.

ಕೊನೆಗೆ ಬೆಳಕು. ನಡುವಿನ ಬಣ್ಣಕ್ಕೆ ಮೊದಲು ಓಕರ್ ಹಾಕಿ ತಿಳಿ ಮಾಡಿ, ಅದು ಸಾಲದಾಗ ಮಾತ್ರ ಬಿಳಿ. ಬಿಳಿ ಹಾಕಿದಾಗೆಲ್ಲ ಹೋದ ಬಿಸಿಯನ್ನು ವಾಪಸ್ ಕೊಡಲು ಬೆಚ್ಚಗಿನ ಕೆಂಪು ಒಂದು ಚುಕ್ಕಿ. ಇದು ಅಭ್ಯಾಸ ಆದರೆ ಬೂದಿಯ ಕಾಟ ಮುಗಿಯುತ್ತದೆ.

ಈ ಮೂರೂ ಗುಡ್ಡೆಗಳನ್ನು ಮೊಬೈಲಿನಲ್ಲಿ ಕಪ್ಪು ಬಿಳುಪು ಮಾಡಿ ಒಂದು ಫೋಟೋ ತೆಗೆಯಿರಿ, ಅಜ್ಜಿಯ ಫೋಟೋವನ್ನೂ ಕಪ್ಪು ಬಿಳುಪು ಮಾಡಿ. ಎರಡರ ಗಾಢತೆ ಹೊಂದಿದರೆ, ಬಣ್ಣ ಅಲ್ಲಿ ಇಲ್ಲಿ ಸ್ವಲ್ಪ ತಪ್ಪಿದರೂ ಮುಖ ಮುಖದ ಹಾಗೇ ಕಾಣುತ್ತದೆ. ಗಾಢತೆ ತಪ್ಪಿದರೆ ಎಂಥ ದುಬಾರಿ ಬಣ್ಣವೂ ಕಾಪಾಡುವುದಿಲ್ಲ.

ಇನ್ನು ನನಗೆ ತುಂಬಾ ಇಷ್ಟದ ವಿಷಯ. ನೀವು ಅಜ್ಜಿಯದು ಎಣ್ಣೆಗಪ್ಪು ಅಂದಿರಿ. ನಮ್ಮ ಭಾಷೆ ಇಲ್ಲಿ ಚಿತ್ರಕಾರನ ಕೆಲಸ ಅರ್ಧ ಮಾಡಿಕೊಟ್ಟಿದೆ. ಎಣ್ಣೆಗಪ್ಪು, ಎಣ್ಣೆಗೆಂಪು, ಗೋಧಿ ಬಣ್ಣ. ಗೋಧಿ ಅಂದರೆ ಹೊಳಪಿಲ್ಲದ, ಓಕರ್ ಕಡೆಯ ಬಣ್ಣ. ಎಣ್ಣೆಗಪ್ಪು ಅಂದಾಗ ಕಪ್ಪಿನ ಜೊತೆ ಹೊಳಪೂ ಹೆಸರಲ್ಲೇ ಬಂತು. ಕಪ್ಪು ಚರ್ಮದ ಮೇಲೆ ಹೊಳಪು ಎದ್ದು ಕಾಣುತ್ತದೆ, ಯಾಕಂದರೆ ಸುತ್ತಲಿನ ಬಣ್ಣ ಗಾಢ. ಆ ಹೊಳಪು ಚರ್ಮದ ಬಣ್ಣ ಅಲ್ಲ, ಮೇಲ್ಮೈಯಿಂದ ಪುಟಿದ ಬೆಳಕಿನ ಬಣ್ಣ. ಬೆಳಗಿನ ಜಗಲಿಯಲ್ಲಿ ನೇರ ಬಿಸಿಲು ಬೀಳದಿದ್ದರೆ ಬೆಳಕು ಆಕಾಶದಿಂದ ಬರುತ್ತದೆ, ಹಾಗಾಗಿ ಹಣೆಯ, ಮೂಗಿನ ತುದಿಯ ಹೊಳಪು ತೆಳು ನೀಲಿ ಬೂದು. ಬಿಸಿಲು ನೇರ ಬಿದ್ದಿದ್ದರೆ ಹಳದಿ. ಫೋಟೋದಲ್ಲಿ ನೋಡಿ ತೀರ್ಮಾನಿಸಿ. ಈ ಹೊಳಪನ್ನು ಕೊನೆಯಲ್ಲಿ, ನಾಲ್ಕೈದು ಕಡೆ ಮಾತ್ರ, ದಪ್ಪಗೆ ಇಟ್ಟು ಕೈ ತೆಗೆದುಬಿಡಿ. ನೀವು ಮುಖವನ್ನೆಲ್ಲ ಬೆಳ್ಳಗೆ ಮಾಡಿ ಹುಡುಕುತ್ತಿದ್ದ ಬೆಳಕು ಈ ನಾಲ್ಕೈದು ಚುಕ್ಕಿಯಲ್ಲಿದೆ.

ಮುಖ ಇಡೀ ಒಂದೇ ಬಣ್ಣ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಹಣೆ ಸ್ವಲ್ಪ ಹಳದಿ, ಕೆನ್ನೆ ಮೂಗು ಕಿವಿ ಕೆಂಪು, ಬಾಯಿಯ ಸುತ್ತ, ಗದ್ದದ ಕಡೆ ತುಸು ಹಸಿರು ಬೂದು. ವಯಸ್ಸಾದವರ ಕಣ್ಣಿನ ಸುತ್ತ ಗಾಢವಾದ ನೇರಳೆ ಕಂದು. ತುಟಿಗೆ ಲಿಪ್‌ಸ್ಟಿಕ್ ಗುಲಾಬಿ ಹಾಕಿದರೆ ಅಜ್ಜಿ ಹೋಗಿಬಿಡುತ್ತಾರೆ, ಸಿಯೆನ್ನಾ, ಗುಲಾಬಿಗೆಂಪು, ಅಲ್ಟ್ರಾಮರೀನ್ ಚೂರು, ಅಷ್ಟೇ. ಕಣ್ಣಿನ ಬಿಳಿ ಗುಡ್ಡೆಯೂ ಬಿಳಿ ಅಲ್ಲ, ರೆಪ್ಪೆಯ ನೆರಳಿನಲ್ಲಿರುವ ಬೂದು. ಅರಿಶಿನದ ಕೆನ್ನೆಗೆ ಓಕರ್ ಸಾಲದಿರಬಹುದು, ಆ ಆರು ಟ್ಯೂಬಿನ ಜೊತೆ ಒಂದು ಪಾರದರ್ಶಕ ಹಳದಿಯನ್ನೂ ತಗೊಳ್ಳಿ, ಕೆಳಗಿನ ಪದರ ಒಣಗಿದ ಮೇಲೆ ಅದನ್ನು ಲಿನ್‌ಸೀಡ್ (ಅಗಸೆ) ಎಣ್ಣೆಯಲ್ಲಿ ತೆಳ್ಳಗೆ ಮಾಡಿ ಬೆರಳಿನಲ್ಲಿ ಸವರಿ. ಅರಿಶಿನ ಚರ್ಮದ ಮೇಲೆ ಹೇಗೆ ಕೂರುತ್ತದೋ ಹಾಗೇ ಈ ಬಣ್ಣವೂ ಕೂರುತ್ತದೆ. ಕೂದಲ ಅಂಚಿನಲ್ಲಿ, ಕಿವಿಯ ಹತ್ತಿರ ಅರಿಶಿನ ಸ್ವಲ್ಪ ಜಾಸ್ತಿ ಉಳಿದಿರುತ್ತದೆ, ಅಲ್ವಾ? ಅದನ್ನು ಬಿಡಿಸಿ. ಸುಕ್ಕುಗಳನ್ನು ಕಪ್ಪು ಗೆರೆ ಎಳೆದು ತೋರಿಸಬೇಡಿ. ಪ್ರತಿ ಸುಕ್ಕಿಗೂ ಒಂದು ಬೆಳಕಿನ ದಂಡೆ, ಒಂದು ನೆರಳಿನ ದಂಡೆ ಇದೆ. ದೊಡ್ಡವು ಐದಾರು ಬಿಡಿಸಿದರೆ ಸಾಕು, ಉಳಿದವನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ.

ಕಪ್ಪು ಟ್ಯೂಬ್ ಮುಟ್ಟಬಾರದು ಅನ್ನುವುದು ನಿಜವಾ? ಅಲ್ಲ. ಸ್ವೀಡನ್ನಿನ ಆಂಡರ್ಸ್ ಸೋರ್ನ್ (1860–1920) ಅನ್ನುವ ದೊಡ್ಡ ಭಾವಚಿತ್ರಕಾರನ ಹೆಸರಿನಲ್ಲಿ ಒಂದು ಪ್ಯಾಲೆಟ್ಟೇ, ಅಂದರೆ ಬಣ್ಣಗಳ ಜೋಡಣೆಯೇ, ಇದೆ. ಬಿಳಿ, ಓಕರ್, ಒಂದು ಕೆಂಪು, ಐವರಿ ಬ್ಲ್ಯಾಕ್, ನಾಲ್ಕೇ. ಅಲ್ಲಿ ಕಪ್ಪು ನೀಲಿಯ ಕೆಲಸ ಮಾಡುತ್ತದೆ. ಐವರಿ ಬ್ಲ್ಯಾಕಿಗೆ ಬಿಳಿ ಹಾಕಿದರೆ ನೀಲಿ ಬೂದು, ಓಕರ್ ಹಾಕಿದರೆ ಆಲಿವ್ ಹಸಿರು. ಹಾಗಾಗಿಯೇ ನಿಮ್ಮ ನೆರಳು ಮಸಿ ಮೆತ್ತಿದಂತಾಯಿತು, ಕಿತ್ತಳೆ ಚರ್ಮಕ್ಕೆ ಬರೀ ಕಪ್ಪು ಹಾಕಿದರೆ ಅದು ಹಸಿರುಗಟ್ಟಿ ಸಾಯುತ್ತದೆ. ಜೊತೆಗೆ ಸಿಯೆನ್ನಾ ಅಥವಾ ಕೆಂಪು ಇದ್ದರೆ ಕಪ್ಪೂ ಒಳ್ಳೆಯ ಬಣ್ಣವೇ. ಗದ್ದದ ಹತ್ತಿರದ ಆ ಹಸಿರು ಬೂದಿಗೆ ಓಕರ್ ಮತ್ತು ಕಪ್ಪಿನಷ್ಟು ಚೆನ್ನಾಗಿ ಹೊಂದುವುದು ಬೇರೆ ಇಲ್ಲ.

ಮಾವನ ಮಾತಿಗೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಮಾತನ್ನು ನಾನು ಭಾವಚಿತ್ರಕ್ಕೆ ಬಂದ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಹಳೆಯ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖ ಬೆಳ್ಳಗೆ, ನುಣ್ಣಗೆ ಮಾಡುತ್ತಿದ್ದರು, ಗೋಡೆ ಮೇಲಿನ ಫೋಟೋ ಅಂದರೆ ಹಾಗೇ ಇರಬೇಕು ಅಂತ ಹಿರಿಯರ ಕಣ್ಣಿಗೆ ಅಭ್ಯಾಸ ಆಗಿದೆ. ಅವರು ಕೇಳುತ್ತಿರುವುದು ನಿಜವಾಗಿ ಬಿಳುಪಲ್ಲ, ಮುಖದಲ್ಲಿ ಕಳೆ ಇರಲಿ ಅಂತ. ಕಳೆಯನ್ನು ಬೇರೆ ದಾರಿಯಲ್ಲಿ ತರಬಹುದು. ಹಿನ್ನೆಲೆಯನ್ನು ಮುಖಕ್ಕಿಂತ ಗಾಢ ಮಾಡಿ, ಕಡು ಹಸಿರು ಬೂದು ಒಳ್ಳೆಯದು, ಅದರೆದುರು ಅಜ್ಜಿಯ ಕೆಂಪು ಕಂದು ಬೆಳಗುತ್ತದೆ. ತಿಳಿ ನೀಲಿ ಹಿನ್ನೆಲೆ ಹಾಕಿದರೆ ಅದೇ ಮುಖ ಕಪ್ಪಗೆ ಕಾಣುತ್ತದೆ, ಮತ್ತೆ ಮಾವ ಬಿಳಿ ಹಾಕು ಅಂತಾರೆ. ಮೂಗುತಿಯ ಹೊಳಪು, ಬೆಳ್ಳಿ ಕೂದಲು, ಕುಂಕುಮ ಇವೆಲ್ಲ ಕಪ್ಪು ಮುಖದ ಪಕ್ಕ ಎಷ್ಟು ಚಂದ! ಅಜ್ಜಿಯನ್ನು ಬೆಳ್ಳಗೆ ಮಾಡಿದರೆ ಅದು ಬೇರೆ ಯಾರದೋ ಚಿತ್ರ. ನಾನಾದರೆ ಮಾಡುವುದಿಲ್ಲ. ನೀವೂ ಮಾಡಬೇಡಿ.

ಸಾಧ್ಯವಾದರೆ ಒಂದು ದಿನ ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಗೆ ಹೋಗಿ ಬನ್ನಿ. ರಾಜಾ ರವಿವರ್ಮರ (1848–1906) ಎಣ್ಣೆಬಣ್ಣದ ಮೂಲ ಚಿತ್ರಗಳ ಎದುರು ನಿಂತು ಬರೀ ನೆರಳುಗಳನ್ನು ನೋಡಿ, ಕುತ್ತಿಗೆಯ ಕೆಳಗೆ, ತೋಳಿನ ಒಳಗೆ. ಕ್ಯಾಲೆಂಡರಿನಲ್ಲಿ ಕಾಣದ ಬೆಚ್ಚಗಿನ ಕಂದು ಅಲ್ಲಿದೆ. ಅಲ್ಲೇ ದೀಪ ಹಿಡಿದ ಹೆಂಗಸಿನ ಪ್ರಸಿದ್ಧ ಚಿತ್ರವೂ ಇದೆ. ಅದು ರವಿವರ್ಮರದ್ದು, ಎಣ್ಣೆಬಣ್ಣ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಎಸ್. ಎಲ್. ಹಲ್ದನ್‌ಕರ್ ಅವರದ್ದು, ಜಲವರ್ಣ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಮೂಲಕ ಬೆಳಕು ಕೆಂಪಾಗಿ ಬರುತ್ತದಲ್ಲ, ಚರ್ಮದ ಕೆಳಗಿನ ರಕ್ತದ ಬಗ್ಗೆ ನಾನು ಹೇಳಿದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ. ದೆಹಲಿಗೆ ಹೋಗುವ ಅವಕಾಶ ಇದ್ದರೆ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿಯಲ್ಲಿ ಅಮೃತಾ ಶೇರ್‌ಗಿಲ್ (1913–1941) ಅವರ ಚಿತ್ರಗಳನ್ನು ನೋಡಿ. ಪ್ಯಾರಿಸಿನಲ್ಲಿ ಕಲಿತು ಬಂದ ಆಕೆ 1937ರಲ್ಲಿ ದಕ್ಷಿಣ ಭಾರತ ಸುತ್ತಿದ ಮೇಲೆ ಬಿಡಿಸಿದ ಮುಖಗಳಲ್ಲಿ ಕಪ್ಪು ಕಂದು ಬಣ್ಣಕ್ಕೆ ಎಲ್ಲೂ ಹಿಂಜರಿಕೆ ಇಲ್ಲ.

ಕ್ಯಾನ್ವಾಸ್ ಉಳಿಸುವ ಪ್ರಶ್ನೆ. ಮೂರು ಪದರ ಬಿಳಿ ಬೆರೆತ ದಪ್ಪ ಬಣ್ಣ ಅದರ ಮೇಲಿದೆ. ಒಂದು ದಾರಿ, ಪೂರ್ತಿ ಒಣಗಿದ ಮೇಲೆ ಬರ್ನ್ಟ್ ಸಿಯೆನ್ನಾವನ್ನು ಎಣ್ಣೆಯಲ್ಲಿ ತೆಳ್ಳಗೆ ಮಾಡಿ ಮುಖದ ಮೇಲೆ ಗ್ಲೇಜ್, ಅಂದರೆ ಕೆಳಗಿನದು ಕಾಣುವಂಥ ಪಾರದರ್ಶಕ ಪದರ, ಕೊಡುವುದು. ಬೂದಿ ತಕ್ಷಣ ಹೋಗುತ್ತದೆ, ಆಶ್ಚರ್ಯ ಆಗುವಷ್ಟು ಬೇಗ. ಆದರೆ ಎಲ್ಲ ಕಡೆ ಒಂದೇ ಕಂದು ಕನ್ನಡಕ ಹಾಕಿದ ಹಾಗಾಗುತ್ತದೆ, ಹೊಳಪು ಮತ್ತೆ ಮೇಲೆ ಬಿಡಿಸಬೇಕು, ಎಣ್ಣೆ ಜಾಸ್ತಿಯಾದರೆ ಮುಂದೆ ಹಳದಿಗಟ್ಟುತ್ತದೆ, ಸುಕ್ಕುಗಟ್ಟಲೂಬಹುದು. ಇನ್ನೊಂದು ದಾರಿ, ನೈಫಿನಲ್ಲಿ ಉಬ್ಬುಗಳನ್ನು ಕೆರೆದು ಮತ್ತೆ ಬಿಡಿಸುವುದು. ಒಣ ಬಣ್ಣವನ್ನು ಮರಳು ಕಾಗದದಲ್ಲಿ ಉಜ್ಜಬೇಡಿ, ಪುಡಿ ಉಸಿರಿಗೆ ಹೋಗುತ್ತದೆ, ಕ್ಯಾಡ್ಮಿಯಂ ಇದ್ದರೆ ಅದು ಒಳ್ಳೆಯದಲ್ಲ. ಕೆರೆದರೂ ಹಳೆ ಬ್ರಷ್ ಗುರುತು ಬೆಳಕಿನಲ್ಲಿ ಕಾಣುತ್ತಲೇ ಇರುತ್ತದೆ. ನನ್ನ ಸಲಹೆ ಮೂರನೆಯದು. ಹೊಸ ಕ್ಯಾನ್ವಾಸ್ ತಗೊಳ್ಳಿ, ಎರಡೂವರೆ ತಿಂಗಳು ಸಾಕು. ಮುಖದ ರೇಖೆ ಟ್ರೇಸ್ ಮಾಡಿಕೊಳ್ಳಿ, ಆ ಶ್ರಮ ಹಾಳಾಗುವುದಿಲ್ಲ. ಹಳೆಯದರ ಮೇಲೆ ಗ್ಲೇಜ್, ಅರಿಶಿನ ಎಲ್ಲಾ ಮೊದಲು ಪ್ರಯೋಗ ಮಾಡಿ ನೋಡಿ, ಆಮೇಲೆ ಹೊಸದರ ಮೇಲೆ.

ಹೊಸದಕ್ಕೆ ಹೀಗೆ ದಿನ ಹಂಚಿಕೊಳ್ಳಿ. ಮೊದಲ ಎರಡು ವಾರದಲ್ಲಿ ಕಂದು ನೆಲ ಮತ್ತು ಅಂಬರಿನಲ್ಲಿ ನೆರಳು ಬೆಳಕು, ಟರ್ಪೆಂಟೈನ್ ಮಾತ್ರ, ಎಣ್ಣೆ ಬೇಡ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಇಲ್ಲಿ ಅದು ಸರಿಯಾದ ಬಣ್ಣ. ಮುಂದಿನ ನಾಲ್ಕು ಭಾನುವಾರ ಮುಖದ ಬಣ್ಣ. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಕಡಿಮೆ ಇರಬಾರದು, ಇದ್ದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡುತ್ತದೆ. ಕೊನೆಯ ಮೂರು ವಾರ ಏನೂ ಮುಟ್ಟದೆ ಒಣಗಲು ಬಿಡಿ. ಒಣಗಿದ ಮೇಲೆ ನೆರಳುಗಳು ಮಂಕಾಗಿ, ಬೂದು ಕಂಡರೆ ಗಾಬರಿ ಆಗಬೇಡಿ, ಕೆಳಗಿನ ಪದರ ಎಣ್ಣೆ ಹೀರಿಕೊಂಡಿದೆ ಅಷ್ಟೇ. ಅಲ್ಲಿಗೆ ಬಿಳಿಯನ್ನೋ ಕಪ್ಪನ್ನೋ ಹಾಕಲು ಹೋಗದೆ, ಒಂದು ಹನಿ ಲಿನ್‌ಸೀಡ್ ಎಣ್ಣೆಗೆ ಟರ್ಪೆಂಟೈನ್ ಸೇರಿಸಿ ಸವರಿ, ಕೂಡಲೇ ಒರೆಸಿ ತೆಗೆಯಿರಿ. ಬಣ್ಣ ವಾಪಸ್ ಬರುತ್ತದೆ.

ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ, ಟರ್ಪೆಂಟೈನ್ ವಾಸನೆ ತಲೆನೋವು ತರುತ್ತದೆ. ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯ ಒಳಗೆ ಬಿಸಿ ಕೂಡಿಕೊಂಡು ತಾನಾಗಿ ಬೆಂಕಿ ಹತ್ತಬಹುದು. ಅಂಗಳದಲ್ಲಿ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ.

ತಿಥಿಯ ದಿನಕ್ಕೆ ವಾರ್ನಿಷ್ ಬೇಡ. ಪೂರ್ತಿ ಒಣಗಲು ಆರು ತಿಂಗಳಾದರೂ ಬೇಕು, ಆಮೇಲೆ ಹಚ್ಚಿ. ಅಂದು ಚಿತ್ರದ ಮುಂದೆ ದೀಪ ಹಚ್ಚುತ್ತೀರಿ, ಊದುಬತ್ತಿ ಇಡುತ್ತೀರಿ, ಹಸಿ ಬಣ್ಣಕ್ಕೆ ಹೊಗೆ, ಧೂಳು ಅಂಟುತ್ತದೆ, ಹಾಗಾಗಿ ಎರಡು ಮೂರು ಅಡಿ ದೂರ ಇಡಿ. ಹೂವಿನ ಹಾರವನ್ನು ಚೌಕಟ್ಟಿಗೆ ಹಾಕಿ, ಬಣ್ಣಕ್ಕೆ ತಾಗದ ಹಾಗೆ. ವರ್ಷ ಪೂರ್ತಿ ಕತ್ತಲೆ ಕೋಣೆಯಲ್ಲಿಯೂ ಇಡಬೇಡಿ, ಕತ್ತಲಲ್ಲಿ ಲಿನ್‌ಸೀಡ್ ಎಣ್ಣೆ ಹಳದಿಗಟ್ಟುತ್ತದೆ. ನೇರ ಬಿಸಿಲು ಬೀಳದ, ಹಗಲು ಬೆಳಕು ಬರುವ ಗೋಡೆ ನೋಡಿ ನೇತುಹಾಕಿ.